ನೀರು ಕುಡಿಯುವ ಗಾಡಿ

ಹಳೆಯ ಮೋಟಾರಿನ ಒಡೆಯನಿಗೆ ಒಂದು ದೌರ್ಬಲ್ಯವುಂಟು. ಗಾಡಿಯ ಗುಣಗಳನ್ನೆಲ್ಲ ಆತ ತನ್ನವೆಂದು ಹೇಳಿಕೊಳ್ಳುತ್ತಾನೆ. ದೋಷಗಳನ್ನು ಮಾತ್ರ ರಸ್ತೆಯ ಮೇಲೋ ಬಿಸಿಲಿನ ಮೇಲೋ ಹೊರಿಸುತ್ತಾನೆ. ನಾನೂ ಈ ಮಾತಿಗೆ ಹೊರತಲ್ಲ.

ನನ್ನ ಅಂಬಾಸಡರ್ 1976ರದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ, 2014ರಲ್ಲಿ ನಿಂತುಹೋದ ವಂಶದ ಕುಡಿ. ಲಕ್ಷ ತುಂಬಿದೊಡನೆ ಸೊನ್ನೆಗೆ ಮರಳುವ ಅದರ ಮೀಟರು ನನ್ನ ಕಣ್ಣೆದುರಿಗೇ ಎರಡು ಸಲ ಮರುಹುಟ್ಟು ಪಡೆದಿತ್ತು. ಇಂಥ ಗಾಡಿ ಒಂದು ಬೇಸಗೆಯಲ್ಲಿ ನೀರು ಕುಡಿಯತೊಡಗಿತು. ಗೋಕಾಕದಲ್ಲಿ ಬಾಯಿಮಟ ತುಂಬಿಸಿದ ರೇಡಿಯೇಟರು, ಊರು ಸುತ್ತಿ ಬರುವಷ್ಟರಲ್ಲಿ ಒಂದು ತಂಬಿಗೆ ನೀರನ್ನು ಕಳೆದುಕೊಂಡಿರುತ್ತಿತ್ತು. ಕೆಳಗೆ ಬಗ್ಗಿ ನೋಡಿದರೆ ನೆಲ ಒಣಗಿದ್ದು ಒಣಗಿದಂತೆಯೇ ಇತ್ತು. ಯಾರೋ ಹೇಳಿದರೆಂದು ಒಂದು ಹಿಡಿ ಅರಿಶಿನ ಪುಡಿಯನ್ನೂ ಸುರಿದು ನೋಡಿದೆ. ರೇಡಿಯೇಟರಿನ ಸಣ್ಣ ತೂತನ್ನು ಅರಿಶಿನ ನಾಲ್ಕು ದಿನ ಮುಚ್ಚೀತು. ಆದರೆ ನನ್ನ ಗಾಡಿಯ ತೂತು ಅಲ್ಲಿರಲಿಲ್ಲ.

ಆಗ ನನಗೆ ಗಾಡಿಯನ್ನು ಮಾರುವ ಬುದ್ಧಿ ಬಂತು. ಕೌಜಲಗಿಯ ಮಾಸ್ತರರೊಬ್ಬರು ಕೊಳ್ಳಲು ಮುಂದಾದರು. ವೃದ್ಧ ತಂದೆಯನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದೊಯ್ಯಲು ಅವರಿಗೊಂದು ಗಾಡಿ ಬೇಕಾಗಿತ್ತು. ಗಾಡಿಯ ಗಟ್ಟಿತನವನ್ನೂ ಮೆತ್ತನೆಯ ಆಸನವನ್ನೂ ನಾನು ಬಾಯಿತುಂಬ ವರ್ಣಿಸಿದೆ. ನೀರಿನ ಮಾತನ್ನು ಎತ್ತಲಿಲ್ಲ. ‘ಅವರು ಕೇಳಲಿಲ್ಲ, ನಾನು ಹೇಳಲಿಲ್ಲ, ಇದರಲ್ಲಿ ಸುಳ್ಳೇನು ಬಂತು?’ ಎಂದು ಮನಸ್ಸಿಗೆ ಸಮಾಧಾನ ಹೇಳಿ ಮುಂಗಡವನ್ನೂ ಪಡೆದೆ.

ಒಪ್ಪಿಸುವ ದಿನ ಗಾಡಿ ಕೌಜಲಗಿಯ ಅಂಚಿನವರೆಗೆ ಬಂದು ಅಲ್ಲಿಯೇ ಹಟ ಹಿಡಿಯಿತು. ಉಷ್ಣದ ಮುಳ್ಳು ಕೆಂಪಿಗೆ ಹತ್ತಿತ್ತು; ಬಾನೆಟ್ಟಿನ ಸಂದಿಯಿಂದ ಉಗಿ ಬುಸುಗುಟ್ಟಿತು. ಮಾಸ್ತರರು ಗಾಬರಿಯಿಂದ ಕೊಡ ತುಂಬ ತಣ್ಣೀರು ತಂದರು. ಅವರ ಹಿಂದೆಯೇ ಬಂದ ಮಿಸ್ತ್ರಿ ಕೊಡವನ್ನು ತಡೆದ: “ಕಾದ ಹಂಚಿನ ಮ್ಯಾಲೆ ನೀರು ಹೊಡೀತೀರೇನ್ರಿ? ಬೀಡು ಸೀಳತೈತಿ. ಮುಚ್ಚಳಾನೂ ಈಗ ಮುಟ್ಟಬ್ಯಾಡ್ರಿ, ಮುಖಕ್ಕ ಸಿಡೀತೈತಿ.” ಒಂದು ತಾಸು ಸುಮ್ಮನೆ ಕಾದೆವು.

ಗಾಡಿ ಆರಿದ ಮೇಲೆ ಆತ ನನ್ನನ್ನು ಕೇಳಿದ: “ಎಷ್ಟ ದಿನದಿಂದ ನೀರು ಕುಡ್ಯಾಕತ್ತೈತ್ರಿ ಸಾಹೇಬ್ರ?”

ಪಕ್ಕದಲ್ಲಿ ಮಾಸ್ತರರು ನಿಂತಿದ್ದರು. “ಇವತ್ತೇ ಮೊದಲು,” ಎಂದೆ.

ಮಿಸ್ತ್ರಿ ಉತ್ತರಿಸಲಿಲ್ಲ. ಎಣ್ಣೆಯ ಅಳತೆಕಡ್ಡಿಯನ್ನು ಎಳೆದು ಬಿಸಿಲಿಗೆ ಹಿಡಿದ. ಕಪ್ಪಾಗಿರಬೇಕಾದ ಎಣ್ಣೆ ಮಜ್ಜಿಗೆಯಂತೆ ಬಿಳುಪೇರಿತ್ತು. “ಇದು ಇವತ್ತ ಕಡದ ಮಜ್ಜಿಗಿ ಅಲ್ರಿ,” ಎಂದಷ್ಟೇ ಹೇಳಿ ಕಡ್ಡಿಯನ್ನು ಒರೆಸಿದ.

ಕೌಜಲಗಿ, ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಹೆಸರಾದ ನಿಂಗಮ್ಮನ ಊರು. ರುಕ್ಮಿಣಿಗೆ ಕೊಟ್ಟ ಒಂದು ಹೂವಿನ ಸುದ್ದಿ ಸತ್ಯಭಾಮೆಯ ಕಿವಿ ಮುಟ್ಟಿ ಮನೆ ರಣರಂಗವಾಗುವ ಕಥೆ ಅದು. ಜಗನ್ನಾಟಕ ಸೂತ್ರಧಾರಿಗೇ ಮುಚ್ಚಿಡಲಾಗದ್ದು ನನ್ನಿಂದ ಆದೀತೆ? ಮಾಸ್ತರರ ಕಡೆಗೆ ತಿರುಗಿ ಇದ್ದುದನ್ನು ಇದ್ದಂತೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ಅಪ್ಪನ್ನ ಕೂಡಿಸ್ಕೊಂಡು ಹೊಂಟಾಗ ದಾರ್ಯಾಗ ನಿಂತಿದ್ರ?” ಎಂದು ಮಾತ್ರ ಕೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು. ರಿಪೇರಿಯ ಖರ್ಚು ನನ್ನದೆಂದೂ, ಆ ಮೇಲೂ ಗಾಡಿ ಬೇಡವಾದರೆ ಮುಂಗಡ ಮರಳಿಸುವೆನೆಂದೂ ಮಾತು ಕೊಟ್ಟೆ.

ಮರುದಿನ ಗೋಕಾಕದಿಂದ ಹೊಸ ಹೆಡ್ ಗ್ಯಾಸ್ಕೆಟ್ ತಂದೆ. ಇಂಜಿನ್ನಿನ ಬ್ಲಾಕಿಗೂ ಅದರ ತಲೆಗೂ ನಡುವೆ ಕೂಡುವ ತೆಳುವಾದ ತಗಡಿನ ಹಾಳೆ ಅದು. ಅದರ ಹೊಣೆ ಮಾತ್ರ ದೊಡ್ಡದು. ಒಂದು ಕಡೆ ಸಿಲಿಂಡರಿನೊಳಗೆ ಎರಡು ಸಾವಿರ ಡಿಗ್ರಿ ಮೀರುವ ಬೆಂಕಿ. ಬೆರಳಗಲದ ಆಚೆಗೆ ಕುದಿಯದೆ ಉಳಿಯಬೇಕಾದ ನೀರು. ಅದರ ಮಗ್ಗುಲಿಗೆ ಎಣ್ಣೆಯ ದಾರಿ. ಈ ಮೂವರನ್ನು ಒಂದೇ ಮನೆಯಲ್ಲಿಟ್ಟು ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡದಂತೆ ಕಾಯುವುದೇ ಆ ಹಾಳೆಯ ಕೆಲಸ. ಗಾಡಿ ಪದೇ ಪದೇ ಕಾದರೆ ಹಾಳೆ ಸುಡುತ್ತದೆ. ಹಾಳೆ ಸುಟ್ಟು ನೀರು ಇಳಿದರೆ ಗಾಡಿ ಇನ್ನಷ್ಟು ಕಾಯುತ್ತದೆ.

ಮಿಸ್ತ್ರಿ ನೀರನ್ನೂ ಎಣ್ಣೆಯನ್ನೂ ಬಸಿದು, ಕಾರ್ಬುರೇಟರನ್ನು ಬಿಚ್ಚಿದ. ತಲೆಯನ್ನು ಹಿಡಿದ 11 ನಟ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚದೆ, ಎಲ್ಲವನ್ನೂ ಸುತ್ತಿ ಸುತ್ತಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ರಾಕರನ್ನು ಹಿಡಿದವುಗಳಲ್ಲಿ ಕೆಲವು ತಲೆಯನ್ನೂ ಹಿಡಿದಿರುತ್ತವೆ. ಒಂದೇ ಮಗ್ಗುಲು ಸಡಿಲಿಸಿದರೆ ತಲೆ ಸೊಟ್ಟಗಾದೀತು. 8 ಪುಶ್‌ರಾಡುಗಳನ್ನು ರಟ್ಟಿನ ತೂತುಗಳಲ್ಲಿ ಬಂದ ಸಾಲಿನಲ್ಲಿಯೇ ಸಿಕ್ಕಿಸಿಟ್ಟ.

ತಲೆ ಎತ್ತಿದಾಗ ನಾಲ್ಕು ಪಿಸ್ಟನ್ನುಗಳು ಕಂಡವು. ಮೂರು ಇದ್ದಿಲಿನಂತೆ ಕಪ್ಪಗಿದ್ದವು. ಮೂರನೆಯ ಸಿಲಿಂಡರಿನದು ಬೆಳಗಿದ ತಂಬಿಗೆಯಂತೆ ಹೊಳೆಯುತ್ತಿತ್ತು. “ಇದೊಂದಾದರೂ ಚೆನ್ನಾಗಿದೆ,” ಎಂದೆ. ಮಿಸ್ತ್ರಿ ನಕ್ಕ. ಒಳಗೆ ಸೋರಿದ ನೀರು ಉಗಿಯಾಗಿ ಮಸಿಯನ್ನೆಲ್ಲ ತೊಳೆದಿತ್ತು. ನಾಲ್ವರಲ್ಲಿ ಶುಭ್ರನಾಗಿ ಕಂಡವನೇ ರೋಗಿ. ಹಾಳೆಯಲ್ಲಿ ಆ ಸಿಲಿಂಡರಿನ ಅಂಚಿನಿಂದ ನೀರಿನ ತೂತಿನವರೆಗೆ ಕೂದಲೆಳೆಯಂಥ ಸುಟ್ಟ ಗೆರೆ. ನನ್ನ ಬೇಸಗೆಯ ನೀರೆಲ್ಲ ಹೋದದ್ದು ಆ ದಾರಿಯಿಂದ.

ಹಳೆಯ ಹಾಳೆಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಪುಪ್ಪುಸಕ್ಕೆ ಕೇಡು. ಆದುದರಿಂದ ಒದ್ದೆ ಮಾಡಿಯೇ ಕೆರೆದ. ತಲೆಯ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಕೆಳಗೆ ಫೀಲರ್ ಗೇಜಿನ ಎಲೆ ತೂರಿಸಿ ನೋಡಿದ. ತಲೆ ಸೊಟ್ಟಗಾಗಿದ್ದರೆ ಯಂತ್ರಶಾಲೆಯಲ್ಲಿ ಹೆರೆಸಬೇಕಿತ್ತು. ಈಗಿನ ಗಾಡಿಗಳ ಅಲ್ಯೂಮಿನಿಯಂ ತಲೆ ಇಷ್ಟು ಕಾದರೆ ಬಾಗುವುದೇ ಹೆಚ್ಚು. ನಮ್ಮದು ಬೀಡುಕಬ್ಬಿಣದ್ದು, ತಡೆದುಕೊಂಡಿತ್ತು.

ಬಿಗಿಯುವಾಗಲೂ ಅದೇ ಶಿಸ್ತು. ನಡುವಿನಿಂದ ಆರಂಭಿಸಿ ಅಂಚಿಗೆ, ಆಚೆಗೊಂದು ಈಚೆಗೊಂದು, ಮೂರು ಸುತ್ತಿನಲ್ಲಿ. ಕೊನೆಯ ಸುತ್ತಿಗೆ ಕೈಯ ಅಂದಾಜನ್ನು ನಂಬದೆ ಟಾರ್ಕ್ ರೆಂಚು ಹಿಡಿದ. “ಬರೇ ಬಿಗಿದ್ರ ಆಗೂದಿಲ್ರಿ, ಎಲ್ಲಾ ಕಡೆ ಸಮ ಬಿಗೀಬೇಕು,” ಎಂದ. ಟ್ಯಾಪೆಟ್ಟುಗಳ ಅಂತರ ಹೊಂದಿಸಿ, ಹೊಸ ಎಣ್ಣೆ ಹೊಯ್ದು, ಗಾಡಿಯನ್ನು ಚಾಲೂ ಮಾಡಿದ. ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಏಳುವುದೇ ಎಂದು ಮೂವರೂ ಬಗ್ಗಿ ನೋಡಿದೆವು. ನೀರು ಶಾಂತವಾಗಿತ್ತು.

ಮಾಸ್ತರರು ಬೀಲಿಯ ಕೈಗೆ ಕೈ ಚಾಚಿದರು. ನಾನು ಕೊಡದೆ ತಡೆದೆ: “ಎರಡನೆಯ ಗೇರು ಒಮ್ಮೊಮ್ಮೆ ಜಾರುತ್ತದೆ. ಮಳೆ ಬಂದರೆ ಎಡಗಡೆಯ ಹಿಂದಿನ ಬಾಗಿಲು ಸೋರುತ್ತದೆ. ರೇಡಿಯೇಟರಿನಲ್ಲಿ ಇನ್ನೂ ನಾನು ಹಾಕಿದ ಅರಿಶಿನ ಉಳಿದಿರಬಹುದು; ತೊಳೆಸಬೇಕು.”

ಅವರು ನಕ್ಕರು. “ಇಷ್ಟ ಮೊದಲ ಹೇಳಿದ್ರ ಅವತ್ತ ಒಯ್ತಿದ್ನಲ್ರಿ,” ಎಂದು ಬೀಲಿಯನ್ನು ತೆಗೆದುಕೊಂಡರು.

ನಾನು ಗೋಕಾಕಕ್ಕೆ ಬಸ್ಸಿನಲ್ಲಿ ಮರಳಿದೆ.