ವಾದ್ಯಗೋಷ್ಠಿಯಲ್ಲಿ ದಂತಪುರಾಣ

ಸಂಗೀತವನ್ನು ಹೊಟ್ಟೆಯ ಪಾಡಿಗಾಗಿ ಅಲ್ಲದೆ ಕೇವಲ ಮನಸ್ಸಂತೋಷಕ್ಕಾಗಿ ಅಭ್ಯಾಸ ಮಾಡುವವರ ಕೂಟಗಳು ನಮ್ಮ ಊರುಗಳಲ್ಲಿ ಅಲ್ಲಲ್ಲಿ ಇನ್ನೂ ಉಳಿದಿರುವುದು ಸಂತೋಷದ ಸಂಗತಿಯು. ಇಂತಹ ಕೂಟಗಳಲ್ಲಿ ರಾಗವು ಬೆಳೆಯುವುದಕ್ಕಿಂತ ಇಮ್ಮಡಿಯಾಗಿ ಹರಟೆಯು ಬೆಳೆಯುತ್ತದೆಂಬ ಆಕ್ಷೇಪವು ಹಳೆಯದು. ಆಕ್ಷೇಪವು ನಿಜವೆಂದು ನಾವು ಒಪ್ಪುತ್ತೇವೆ. ಅದು ದೋಷವೆಂದು ಮಾತ್ರ ಒಪ್ಪಲಾರೆವು. ತಂಬೂರಿಯ ಶ್ರುತಿ ಕೂಡುವವರೆಗಿನ ಕಾಲುಗಂಟೆಯಲ್ಲಿ ಊರ ಸಮಾಚಾರವೂ ಲೋಕದ ಚರಿತ್ರೆಯೂ ಒಂದೇ ಜಮಖಾನೆಯ ಮೇಲೆ ಬಂದು ಕುಳಿತುಕೊಳ್ಳುತ್ತವೆ. ಕೆಲವು ದಿನಗಳ ಕೆಳಗೆ ಅಂತಹದೊಂದು ಕೂಟದಲ್ಲಿ ಮಾತು ಭೀಮಪಲಾಸಿಯಿಂದ ಹೊರಟು, ಯಾರೂ ನಿರೀಕ್ಷಿಸದಂತೆ, ದಂತವೈದ್ಯದ ಚರಿತ್ರೆಯನ್ನು ಹೊಕ್ಕಿತು. ವಿಷಯವು ಮೇಲುನೋಟಕ್ಕೆ ವಿನೋದವಾಗಿ ಕಂಡರೂ ಬಡವರ ನೋವಿಗೂ ಸರ್ಕಾರದ ಕರ್ತವ್ಯಕ್ಕೂ ಸಂಬಂಧಿಸಿದ್ದಾದ್ದರಿಂದ, ಅದರ ಸಾರವನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರುತ್ತದೆ.

ಕೂಟದಲ್ಲಿದ್ದವರು ಐವರು: ಕೊಳಲು ನುಡಿಸುವ ಶಾಲಾ ಮಾಸ್ತರರು, ತಬಲೆಯ ವಕೀಲರು, ಪೇಟಿಯ ಮುಂದೆ ಕುಳಿತ ನಿವೃತ್ತ ಶಿರಸ್ತೇದಾರರು, ಪಿಟೀಲು ಹಿಡಿದ ಬ್ಯಾಂಕಿನ ತರುಣ ಗುಮಾಸ್ತರು, ಮತ್ತು ಕೇಳುವ ಕೆಲಸಕ್ಕೆಂದೇ ಕರೆಯಲ್ಪಟ್ಟ ನಾವು. ಮಾಸ್ತರರು ಎರಡು ಸಾರಿ ಕೊಳಲನ್ನು ತುಟಿಗಿಟ್ಟು ಎರಡು ಸಾರಿಯೂ ಕೆಳಗಿಟ್ಟರು. ಅವರ ಮೇಲುಸಾಲಿನ ಮುಂದಿನ ಹಲ್ಲೊಂದು ಸಡಿಲವಾಗಿತ್ತು. ಸಂತೆಯ ಬೀದಿಯಲ್ಲಿ ಬಟ್ಟೆ ಹಾಸಿ ಇಕ್ಕಳವನ್ನೂ ಹಲ್ಲಿನ ಸಾಲುಗಳನ್ನೂ ಹರವಿಕೊಂಡು ಕೂಡುವ ಒಬ್ಬನು, ಅದನ್ನು ಒಂದು ನಿಮಿಷದಲ್ಲಿ ಕಿತ್ತು ಬೇರೆ ಹಲ್ಲು ಕೂಡಿಸಿ ಕೊಡುವೆನೆಂದೂ, ದರವು ಅಗ್ಗವೆಂದೂ ಹೇಳಿದ್ದನಂತೆ. ಹೋಗಬೇಕೋ ಬೇಡವೋ ಎಂಬುದು ಮಾಸ್ತರರ ಚಿಂತೆ.

“ಮಾಸ್ತರರೇ, ಕೊಳಲನ್ನು ಊದುವುದು ತುಟಿಯಿಂದಲ್ಲವೆ? ಹಲ್ಲಿಗೇನು ಕೆಲಸ?” ಎಂದರು ವಕೀಲರು.

“ಬಾಗಿಲಿಗೆ ಗೋಡೆಯಿಂದೇನು ಕೆಲಸವೋ ಅದೇ ಕೆಲಸ, ವಕೀಲರೇ. ತುಟಿ ನಿಲ್ಲುವುದು ಹಲ್ಲಿನ ಆಧಾರದ ಮೇಲೆ. ಹಲ್ಲು ಅಲುಗಿದರೆ ಗಾಳಿ ಒಂದು ಕಡೆಗೂ ಸ್ವರ ಇನ್ನೊಂದು ಕಡೆಗೂ ಹೋಗುತ್ತವೆ” ಎಂದರು ಮಾಸ್ತರರು.

ಈ ಮಾತು ಕೊಳಲಿಗೆ ಮಾತ್ರ ಸಲ್ಲುವುದಲ್ಲ. ಕ್ಲಾರಿಯೊನೆಟ್ ನುಡಿಸುವವರು ಸಾಮಾನ್ಯವಾಗಿ ಮೇಲಿನ ಹಲ್ಲುಗಳನ್ನು ವಾದ್ಯದ ಮುಖದ ಮೇಲೆಯೇ ಊರಿ ಹಿಡಿಯುತ್ತಾರೆ. ತುತ್ತೂರಿಯವರ ತುಟಿಗೆ ಹಿಂದಿನಿಂದ ಒತ್ತುಕೊಡುವುದು ಹಲ್ಲುಗಳೇ. ಅಮೆರಿಕದ ಚೆಟ್ ಬೇಕರನೆಂಬ ಪ್ರಸಿದ್ಧ ತುತ್ತೂರಿವಾದಕನು 1966ರಲ್ಲಿ ದುಷ್ಟರ ಹೊಡೆತಕ್ಕೆ ಸಿಕ್ಕಿ ಹಲ್ಲುಗಳನ್ನು ಕಳೆದುಕೊಂಡನು. ಕಟ್ಟಿಸಿದ ಹಲ್ಲುಗಳನ್ನಿಟ್ಟುಕೊಂಡು ಅವನು ಮೊದಲ ಪಾಠದಿಂದ ಮತ್ತೆ ಅಭ್ಯಾಸ ಮಾಡಬೇಕಾಯಿತು. ಪುನಃ ಸಭೆಯ ಮುಂದೆ ನಿಲ್ಲಲು ವರ್ಷಗಳೇ ಹಿಡಿದವು.

ಇಷ್ಟು ಹೊತ್ತು ಸುಮ್ಮನಿದ್ದ ಶಿರಸ್ತೇದಾರರು, ಸಂಸ್ಕೃತದಲ್ಲಿ ಪರಿಶ್ರಮವುಳ್ಳವರಾದ್ದರಿಂದ, ವ್ಯಾಕರಣದ ಕಡೆಗೆ ತಿರುಗಿದರು. ವರ್ಣಗಳು ಹುಟ್ಟುವ ಸ್ಥಾನಗಳನ್ನು ಹೇಳಿದ ನಮ್ಮ ಪ್ರಾಚೀನರು ತವರ್ಗವನ್ನೂ ಲಕಾರ ಸಕಾರಗಳನ್ನೂ ದಂತ್ಯಗಳೆಂದು ಕರೆದರು. ಹಾಗಾದರೆ ಸಪ್ತಸ್ವರಗಳ ಹೆಸರುಗಳಲ್ಲಿ ಸ, ಧ, ನಿ ಈ ಮೂರು ಹಲ್ಲಿನ ಸೊತ್ತು, ಮ, ಪ ತುಟಿಯವು, ಗ ಕಂಠದ್ದು, ರಿ ಮೂರ್ಧದ್ದು. ಹಲ್ಲು ಹೋದ ಗಾಯಕನ ಆಧಾರ ಷಡ್ಜಕ್ಕೇ ಕುತ್ತು ಬಂದಂತಾಯಿತು! ಇದನ್ನು ಕೇಳಿ ವಕೀಲರು ಬೆರಳು ಮಡಿಚಿ ಎಣಿಸತೊಡಗಿದರು. ತೀನ್‌ತಾಲದ ಠೇಕೆಯಲ್ಲಿ ಬರುವ ಧಾ, ಧಿಂ, ತಿಂ, ತಾ ಎಲ್ಲವೂ ದಂತ್ಯಗಳೇ. “ಹದಿನಾರು ಮಾತ್ರೆಗಳೂ ಹಲ್ಲಿನ ಮೇಲೆಯೇ ನಿಂತಿವೆಯಲ್ಲ! ಮೇಲುಸಾಲಿಗೆ ಒಂದು ಆವರ್ತನ, ಕೆಳಸಾಲಿಗೆ ಒಂದು, ಒಟ್ಟು ಮೂವತ್ತೆರಡು” ಎಂದು ಅವರು ತೀರ್ಪಿತ್ತರು. ನಕ್ಕವರಲ್ಲಿ ಮಾಸ್ತರರೂ ಒಬ್ಬರು. ಆದರೆ ಅವರು ತುಟಿ ಬಿಗಿಹಿಡಿದು ನಕ್ಕರು.

ಹಲ್ಲಿನ ಚಿಕಿತ್ಸೆಯು ಪಾಶ್ಚಾತ್ಯರಿಂದ ಬಂದ ಇತ್ತೀಚಿನ ವಿದ್ಯೆಯೆಂದು ತರುಣ ಗುಮಾಸ್ತರು ತಿಳಿದಿದ್ದರು. ಈ ತಿಳಿವಳಿಕೆಯು ನಮ್ಮಲ್ಲಿ ಬಹುಜನರಿಗುಂಟು. ಆದಕಾರಣ ಒಂದೆರಡು ಮಾತು ಹೇಳಬೇಕು. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ದೊರೆತ ಅಸ್ಥಿಗಳನ್ನು ಪರೀಕ್ಷಿಸಿದ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸುಮಾರು 7,500 ರಿಂದ 9,000 ವರ್ಷಗಳ ಹಿಂದೆಯೇ ಅಲ್ಲಿ ಒಂಬತ್ತು ಜನರ ಹನ್ನೊಂದು ಹಲ್ಲುಗಳಿಗೆ ಕಲ್ಲಿನ ಮೊನೆಯಿಂದ ರಂಧ್ರ ಕೊರೆಯಲಾಗಿತ್ತು. ಅವೆಲ್ಲವೂ ಒಳಗಿನ ದವಡೆಹಲ್ಲುಗಳಾದ್ದರಿಂದ ಅಲಂಕಾರಕ್ಕಾಗಿ ಕೊರೆದವಲ್ಲ. ರಂಧ್ರದ ಅಂಚುಗಳು ಸವೆದಿದ್ದವು; ಅಂದರೆ ಕೊರೆಯಿಸಿಕೊಂಡವರು ಅನಂತರವೂ ಅದೇ ಹಲ್ಲಿನಿಂದ ಅನ್ನ ತಿಂದು ಬಾಳಿದರು. ಮಣಿಗಳನ್ನು ಕೊರೆಯುವ ಕುಶಲಿಗಳು ಬಿಲ್ಲಿನಿಂದ ತಿರುಗಿಸುವ ಬೈರಿಗೆಯನ್ನೇ ಈ ಕೆಲಸಕ್ಕೂ ಬಳಸಿರಬೇಕೆಂದು ವಿದ್ವಾಂಸರ ಊಹೆ. ಇದನ್ನು ಕೇಳಿದ ಮೇಲೆ ಗುಮಾಸ್ತರು ತಮ್ಮ ಕೈಯ ಕಮಾನನ್ನು ಹೊಸ ಗೌರವದಿಂದ ನೋಡಿದರು.

ಸುಶ್ರುತ ಸಂಹಿತೆಯಲ್ಲಿ ಬಾಯಿಯ ರೋಗಗಳು 65 ಎಂದು ಎಣಿಸಲ್ಪಟ್ಟಿವೆ. ಅವುಗಳಲ್ಲಿ ವಸಡಿನವು 15, ಹಲ್ಲಿನವು 8. ಬೇವು, ಹೊಂಗೆ, ಖದಿರ ಮೊದಲಾದವುಗಳ ಹನ್ನೆರಡು ಅಂಗುಲದ ಕಡ್ಡಿಯಿಂದ ದಂತಧಾವನ ಮಾಡಬೇಕೆಂಬ ವಿಧಿಯೂ ಅಲ್ಲಿಯೇ ಉಂಟು. ಮಾಸ್ತರರಿಗೆ ವಿಶೇಷವಾಗಿ ಸಲ್ಲುವ ಎಚ್ಚರಿಕೆಯೊಂದು ಅದರಲ್ಲಿದೆ: ಮೇಲುಸಾಲಿನ ಹಲ್ಲು ಅಲುಗುತ್ತಿದ್ದರೂ ವೈದ್ಯನು ಅದನ್ನು ಕೀಳಬಾರದು, ರಕ್ತಸ್ರಾವವು ಮಿತಿಮೀರಿ ಆಪತ್ತು ಬರುವುದು ಎಂದು. ಇಂದಿನ ವೈದ್ಯರು ಮೇಲಿನ ಹಲ್ಲನ್ನೂ ನಿರಪಾಯವಾಗಿ ಕೀಳಬಲ್ಲರು. ಆದರೆ ಕೀಳುವ ಮೊದಲು ಹತ್ತು ಸಾರಿ ಆಲೋಚಿಸಬೇಕೆಂಬ ಆ ವಿವೇಕವು ಸಂತೆಯ ಇಕ್ಕಳದವನಿಗೆ ಇಂದಿಗೂ ತಿಳಿದಂತಿಲ್ಲ.

ಪ್ರಾಚೀನರದೆಲ್ಲವೂ ಸರಿಯೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಹಲ್ಲನ್ನು ಹುಳುವು ತಿನ್ನುತ್ತದೆಂಬ ನಂಬಿಕೆಯು ಬಾಬಿಲೋನಿಯದಿಂದ ಭಾರತದವರೆಗೆ ಸಾವಿರಾರು ವರ್ಷ ಆಳಿತು. ನಾವು ಇಂದಿಗೂ ‘ಹುಳುಕು ಹಲ್ಲು’ ಎನ್ನುತ್ತೇವೆ. ಆ ಹುಳುವನ್ನು ತಾನು ಎಲ್ಲಿಯೂ ಕಾಣಲಿಲ್ಲವೆಂದು ಬರೆದವನು ಫ್ರಾನ್ಸಿನ ಪಿಯರ್ ಫೋಶಾರ್. 1728ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ ಅವನ ಗ್ರಂಥದಿಂದಲೇ ದಂತವೈದ್ಯವು ಸ್ವತಂತ್ರ ಶಾಸ್ತ್ರವಾಯಿತೆಂದು ಚರಿತ್ರಕಾರರು ಹೇಳುತ್ತಾರೆ. ಕೈಚಳಕದವರು ತಮ್ಮ ಉಪಾಯಗಳನ್ನು, ನಮ್ಮ ಘರಾಣೆಯ ಉಸ್ತಾದರು ಚೀಜುಗಳನ್ನು ಬಚ್ಚಿಟ್ಟಂತೆ, ಬಚ್ಚಿಡುತ್ತಿದ್ದ ಕಾಲದಲ್ಲಿ ಅವನು ಬಲ್ಲದ್ದನ್ನೆಲ್ಲ ಅಚ್ಚುಹಾಕಿಸಿದನು. ಪಂಡಿತ ಭಾತಖಂಡೆಯವರು ಸಂಗೀತಕ್ಕೆ ಮಾಡಿದ ಉಪಕಾರವನ್ನು ಬಲ್ಲವರಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಬಾಯಿಯ ಸೂಕ್ಷ್ಮಜೀವಿಗಳು ಆಹಾರದ ಸಕ್ಕರೆ ಪಿಷ್ಟಗಳನ್ನು ಆಮ್ಲವಾಗಿ ಮಾರ್ಪಡಿಸಿ ಹಲ್ಲನ್ನು ಕರಗಿಸುತ್ತವೆಂಬ ನಿಜವಾದ ಕಾರಣವನ್ನು 1890ರಲ್ಲಿ ಸಪ್ರಮಾಣವಾಗಿ ನಿರೂಪಿಸಿದವನು ವಿಲ್ಲೋಬಿ ಮಿಲ್ಲರ್.

ಇಲ್ಲಿ ಶಿರಸ್ತೇದಾರರು, ಸಂಗೀತಕ್ಕೂ ಈ ವಿದ್ಯೆಗೂ ಇನ್ನೇನಾದರೂ ನಂಟುಂಟೋ ಎಂದು ಕೇಳಿದರು. ನಂಟು ಉಂಟು, ಅದು ಹೆಮ್ಮೆಪಡತಕ್ಕದ್ದಲ್ಲ. ಯುರೋಪಿನ ಜಾತ್ರೆಗಳಲ್ಲಿ ಹಲ್ಲು ಕೀಳುವವರು ಎತ್ತರದ ಮಂಟಪವನ್ನು ಕಟ್ಟಿ, ತಮಟೆ ತುತ್ತೂರಿಗಳನ್ನು ಜೊತೆಯಲ್ಲಿಟ್ಟುಕೊಂಡಿದ್ದರು. ಜನರನ್ನು ಕೂಡಿಸುವುದು ವಾದ್ಯದ ಒಂದು ಕೆಲಸ. ರೋಗಿಯ ಕೂಗು ಕೂಡಿದ ಜನರಿಗೆ ಕೇಳಿಸದಂತೆ ಮಾಡುವುದು ಎರಡನೆಯ ಕೆಲಸ. ಈ ಪದ್ಧತಿಯು ಇಪ್ಪತ್ತನೆಯ ಶತಮಾನದವರೆಗೂ ಬದುಕಿತ್ತು. ಕೆನಡದಲ್ಲಿ ಹುಟ್ಟಿ ಅಮೆರಿಕದಲ್ಲಿ ಹಣಗಳಿಸಿದ ಎಡ್ಗರ್ ಪಾರ್ಕರನೆಂಬ ದಂತವೈದ್ಯನು ಬ್ಯಾಂಡಿನ ಮೇಳದೊಂದಿಗೆ ಊರೂರು ತಿರುಗಿದನು. ಕೊರಳಲ್ಲಿ 357 ಹಲ್ಲುಗಳ ಹಾರವನ್ನು ಹಾಕಿಕೊಂಡು, ಅವನ್ನು ಒಂದೇ ದಿನದಲ್ಲಿ ಕಿತ್ತೆನೆಂದು ಹೇಳಿಕೊಳ್ಳುತ್ತಿದ್ದನು. ಜಾಹೀರಾತಿಗೆ ಅಡ್ಡಿ ಬಂದಾಗ 1915ರಲ್ಲಿ ತನ್ನ ಹೆಸರನ್ನೇ ಕಾನೂನಿನ ಪ್ರಕಾರ ‘ಪೇನ್‌ಲೆಸ್’, ಅಂದರೆ ನೋವಿಲ್ಲದವನು, ಎಂದು ಮಾರ್ಪಡಿಸಿಕೊಂಡನು. ರೋಗಿಗೆ ನೋವಾದಾಗ ಬ್ಯಾಂಡು ಇನ್ನಷ್ಟು ಜೋರಾಗುತ್ತಿತ್ತು.

ನೋವನ್ನು ಮುಚ್ಚಿಡದೆ ನಿಜವಾಗಿ ನೀಗಿಸಲು ಹೊರಟವನ ಕಥೆ ಬೇರೆ. ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ 1844ರ ಡಿಸೆಂಬರ್ 10ರಂದು ನಗೆಯ ಅನಿಲದ ವಿನೋದ ಪ್ರದರ್ಶನವೊಂದು ನಡೆಯಿತು. ಅನಿಲವನ್ನು ಸೇವಿಸಿದವನೊಬ್ಬನು ಕಾಲಿಗೆ ಪೆಟ್ಟು ತಗಲಿಸಿಕೊಂಡರೂ ನೋವೇ ಅರಿಯದಿದ್ದುದನ್ನು ಹೊರೇಸ್ ವೆಲ್ಸ್ ಎಂಬ ದಂತವೈದ್ಯನು ಕಂಡನು. ಮರುದಿನವೇ ಅವನು ತಾನು ಆ ಅನಿಲವನ್ನು ಸೇವಿಸಿ ಮಿತ್ರನಿಂದ ತನ್ನ ಹಲ್ಲನ್ನೇ ಕೀಳಿಸಿಕೊಂಡನು. 1845ರಲ್ಲಿ ಬೋಸ್ಟನ್ನಿನ ವಿದ್ವತ್ಸಭೆಯ ಮುಂದೆ ಪ್ರಯೋಗ ಮಾಡಿದಾಗ ರೋಗಿಯು ಕೂಗಿಕೊಂಡನು. ಸಭೆಯು ವೆಲ್ಸನನ್ನು ಮೋಸಗಾರನೆಂದು ಹಾಸ್ಯಮಾಡಿತು. 1846ರ ಅಕ್ಟೋಬರ್ 16ರಂದು ಅದೇ ಊರಿನ ಆಸ್ಪತ್ರೆಯಲ್ಲಿ ಅವನ ಮಾಜಿ ಸಹೋದ್ಯೋಗಿ ಮಾರ್ಟನ್ ಈಥರಿನಿಂದ ಜಯ ಪಡೆದನು. ವೆಲ್ಸನು 1848ರಲ್ಲಿ, ಇನ್ನೂ 33 ವರ್ಷದವನಿರುವಾಗ, ನ್ಯೂಯಾರ್ಕಿನ ಸೆರೆಮನೆಯಲ್ಲಿ ತನ್ನ ಕೈಯಿಂದಲೇ ಪ್ರಾಣ ನೀಗಿದನು. ಅವನ ದೇಶದ ದಂತವೈದ್ಯರ ಸಂಘವು ಅವನಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಿದ್ದು 1864ರಲ್ಲಿ. ಈ ಸಂಗತಿಯನ್ನು ಹೇಳಿದಾಗ ಕೂಟದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಸಂಗೀತಕ್ಕೆ ಅಂಟಿದ ಆ ಕಳಂಕವನ್ನು ತೊಳೆದ ಪ್ರಸಂಗವೊಂದು ಉಂಟು. ಅಮೆರಿಕದ ಗಾರ್ಡ್ನರ್ ಎಂಬ ದಂತವೈದ್ಯನೂ ಲಿಕ್ಲೈಡರ್ ಎಂಬ ಮನಶ್ಶಾಸ್ತ್ರಜ್ಞನೂ ಕೂಡಿ, ರೋಗಿಯ ಕಿವಿಗೆ ಶ್ರವಣಯಂತ್ರವನ್ನಿಟ್ಟು, ಸಂಗೀತವನ್ನೂ ಜಲಪಾತದಂತಹ ಭೋರ್ಗರೆತವನ್ನೂ ಕೇಳಿಸುತ್ತ ಹಲ್ಲಿನ ಕೆಲಸ ಮಾಡಿದರು. ಅನೇಕರಿಗೆ ಬೇರೆ ಔಷಧಿಯೇ ಬೇಡವಾಯಿತೆಂದು 1959ರಲ್ಲಿ ಪ್ರಕಟಿಸಿದರು. ಧ್ವನಿಯ ಪ್ರಮಾಣವನ್ನು ಹೆಚ್ಚಿಸುವ ತಗ್ಗಿಸುವ ತಿರುಪು ರೋಗಿಯ ಕೈಯಲ್ಲಿಯೇ ಇರುತ್ತಿತ್ತು. ಈ ಉಪಾಯವು ಎಲ್ಲರಿಗೂ ಒಂದೇ ಸಮನಾಗಿ ಫಲಿಸದೆ ಕಾಲಕ್ರಮದಲ್ಲಿ ಹಿಂದೆ ಬಿದ್ದಿತು. ಆದರೂ ಇಲ್ಲಿ ಗಮನಿಸತಕ್ಕ ಭೇದವೊಂದಿದೆ. ಪಾರ್ಕರನ ಬ್ಯಾಂಡು ನೋಡುವವರ ಕಿವಿಗಾಗಿ ನುಡಿಯಿತು. ಗಾರ್ಡ್ನರನ ಸಂಗೀತವು ನೋಯುವವನ ಕಿವಿಗಾಗಿ ನುಡಿಯಿತು. ಆರೋಗ್ಯದ ಹೆಸರಿನಲ್ಲಿ ನಡೆಯುವ ಸಮಾರಂಭಗಳನ್ನೂ ಉದ್ಘಾಟನೆಗಳನ್ನೂ ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನಮಗೆ ತೋರದು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ತಳಹದಿ ಹಾಕಿದವರು ಡಾಕ್ಟರ್ ರಫಿಯುದ್ದೀನ್ ಅಹಮದರು. ಅಮೆರಿಕದಲ್ಲಿ ಕಲಿತು ಬಂದ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಪ್ರಥಮ ದಂತವೈದ್ಯ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಪರಸರ್ಕಾರದ ಕೃಪೆಗೆ ಕಾಯದೆ, ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ಪಾನೀಯದ ಅಂಗಡಿಯನ್ನಿಟ್ಟು ಅದರ ಆದಾಯದಿಂದ ವಿದ್ಯಾಲಯವನ್ನು ನಡೆಸಿದರು. ಸಿಹಿನೀರು ಕುಡಿದು ಹಲ್ಲು ಕೆಡಿಸಿಕೊಂಡವರ ಹಣವೇ ಹಲ್ಲಿನ ಚಿಕಿತ್ಸೆಗೆ ಒದಗಿತೆಂದು ವಕೀಲರು ಈ ವ್ಯವಹಾರದ ನ್ಯಾಯವನ್ನು ಬಹಳವಾಗಿ ಮೆಚ್ಚಿಕೊಂಡರು. ಸ್ವಾತಂತ್ರ್ಯಾನಂತರ 1948ರಲ್ಲಿ ದಂತವೈದ್ಯರ ಶಾಸನವು ಬಂದಿತು.

ಶಾಸನವು ಬಂದು ಮುಕ್ಕಾಲು ಶತಮಾನ ಕಳೆದರೂ ಸಂತೆಯ ಇಕ್ಕಳವು ಏಕೆ ಉಳಿದಿದೆ? ಕರ್ನಾಟಕವೊಂದರಲ್ಲಿಯೇ ದಂತವೈದ್ಯ ವಿದ್ಯಾಲಯಗಳು ಹತ್ತಾರು ಇವೆ. ಆದರೆ ಅಲ್ಲಿ ಕಲಿತವರಲ್ಲಿ ಹೆಚ್ಚಿನವರು ದೊಡ್ಡ ಪಟ್ಟಣಗಳಲ್ಲಿಯೇ ನೆಲಸುತ್ತಾರೆ. ಹಳ್ಳಿಯವನಿಗೆ ದಿನಗೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಳ್ಳದೆ ಅವರ ಬಾಗಿಲು ಸಿಕ್ಕದು. ಆ ಬೀದಿಯವನನ್ನು ಪೋಲೀಸರಿಂದ ಎಬ್ಬಿಸಿದ ಮಾತ್ರಕ್ಕೆ ಬಡವನ ಹಲ್ಲುನೋವು ನಿಲ್ಲುವುದಿಲ್ಲ. ಪ್ರತಿ ತಾಲೂಕಿನ ಆಸ್ಪತ್ರೆಯಲ್ಲಿ ದಂತವೈದ್ಯರು ನಿಗದಿಯಾದ ದಿನಗಳಲ್ಲಿ ತಪ್ಪದೆ ಕೂಡುವಂತೆಯೂ, ಶಾಲೆಯ ಮಕ್ಕಳ ಹಲ್ಲುಗಳನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸುವಂತೆಯೂ ಅಧಿಕಾರಿಗಳು ನೋಡಿಕೊಳ್ಳಬೇಕು. ಇದು ಅವರ ಕೈಮೀರಿದ ಕೆಲಸವಲ್ಲ.

ಸಂಗೀತದ ಮಿತ್ರರಿಗೂ ಒಂದು ಮಾತು. ವಿಳ್ಯವಿಲ್ಲದ ಬೈಠಕ್ಕು ನಮ್ಮಲ್ಲಿ ಅಪರೂಪ. ಶಿರಸ್ತೇದಾರರ ಪೇಟಿಯ ಪಕ್ಕದಲ್ಲಿಯೂ ಅಡಕೆ ತಂಬಾಕಿನ ಚಂಚಿಯೊಂದು ಸದಾ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಂಬಾಕು ಬೆರೆಯದ ಅಡಕೆಯೂ ಕ್ಯಾನ್ಸರಿಗೆ ಕಾರಣವೆಂದು ಸ್ಪಷ್ಟವಾಗಿ ಹೇಳಿದೆ. ಅಡಕೆಯಿಂದಲೇ ಸಾವಿರಾರು ಕುಟುಂಬಗಳು ಬದುಕುವ ನಾಡಿನಲ್ಲಿ ಇದು ಅಪ್ರಿಯವಾದ ಮಾತು. ಆದರೂ ಗಾಯಕನ ಬಾಯಿಯೇ ಅವನ ವಾದ್ಯವಾಗಿರುವಲ್ಲಿ ಇದನ್ನು ಹೇಳದಿರುವುದು ಸ್ನೇಹವಾಗದು. ಬಾಯಿಯಲ್ಲಿ ಮಾಯದ ಹುಣ್ಣಾಗಲಿ ಬಿಳಿಯ ಮಚ್ಚೆಯಾಗಲಿ ಕಂಡರೆ ಮುಂದಿನ ಕಛೇರಿಯವರೆಗೆ ಕಾಯದೆ ವೈದ್ಯರಿಗೆ ತೋರಿಸತಕ್ಕದ್ದು.

ಊದುವ ವಾದ್ಯದವರು ದಂತವೈದ್ಯರ ಬಳಿಗೆ ಹೋದಾಗ ತಮ್ಮ ವಾದ್ಯವನ್ನೂ ಒಯ್ದು ಅದನ್ನು ಹಿಡಿಯುವ ಕ್ರಮವನ್ನು ತೋರಿಸಬೇಕು. ಹಲ್ಲುಗಳು ಗಟ್ಟಿಯಾಗಿರುವಾಗಲೇ ಅವುಗಳ ಗಾರೆಯ ಅಚ್ಚೊಂದನ್ನು ತೆಗೆಯಿಸಿ ಇಟ್ಟುಕೊಂಡರೆ, ಮುಂದೆ ಒಂದು ಹಲ್ಲು ಹೋದರೂ ಅದೇ ಆಕಾರದ ಹಲ್ಲನ್ನು ಕಟ್ಟಿಸಬಹುದು. ಸಡಿಲವಾದ ಹಲ್ಲೆಲ್ಲ ಕೀಳತಕ್ಕದ್ದೂ ಅಲ್ಲ. ಸಡಿಲವಾಗುವುದಕ್ಕೆ ಬಹುಮಟ್ಟಿಗೆ ವಸಡಿನ ರೋಗವೇ ಕಾರಣ. ಬೇಗನೆ ಚಿಕಿತ್ಸೆ ಮಾಡಿ, ಅಗತ್ಯವಿದ್ದರೆ ಪಕ್ಕದ ಹಲ್ಲುಗಳಿಗೆ ಬಂಧಿಸಿ, ಅನೇಕ ಹಲ್ಲುಗಳನ್ನು ಉಳಿಸಬಹುದಾಗಿದೆ. ಆದುದರಿಂದ ಮಾಸ್ತರರಂತಹ ಮಿತ್ರರು ಅಗ್ಗದ ದರಕ್ಕೆ ಮನಸೋಲದೆ, ಕಲಿತ ವೈದ್ಯರ ಮುಂದೆ ಬಾಯಿ ತೆರೆಯಲಿ. ಒಂದು ನಿಮಿಷದಲ್ಲಿ ಕಿತ್ತ ಹಲ್ಲನ್ನು ಹುಟ್ಟಿಸಿ ಕೊಡುವ ವಿದ್ಯೆಯು ಇಂದಿಗೂ ಯಾರ ಕೈಯಲ್ಲಿಯೂ ಇಲ್ಲ.