ಹಬ್‌ಗೆ ಕಚ್ಚಿಕೊಂಡ ಚಕ್ರ: ಕರಾವಳಿಯ ವಾಹನ ಮಾಲೀಕರು ಅರಿತಿರಬೇಕಾದ ಸಂಗತಿಗಳು

ಚಕ್ರದ ನಟ್ಟುಗಳೆಲ್ಲ ಬಿಚ್ಚಿ ಕೈಗೆ ಬಂದಿರುತ್ತವೆ, ಜಾಕ್ ವಾಹನವನ್ನು ಎತ್ತಿ ಹಿಡಿದಿರುತ್ತದೆ, ಆದರೆ ಚಕ್ರ ಮಾತ್ರ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಮಂಗಳೂರಿನ ಗ್ಯಾರೇಜುಗಳಿಗೆ ಇದು ಹೊಸ ಅನುಭವವಲ್ಲ. ಅಲ್ಲಿ ಇದು ಅರ್ಧ ಗಂಟೆಯ ಕಿರಿಕಿರಿ ಅಷ್ಟೆ. ಆದರೆ ಇದೇ ಪರಿಸ್ಥಿತಿ ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿಯಲ್ಲಿ, ಸುರಿಯುವ ಮಳೆಯಲ್ಲಿ, ಸರಕು ಹೇರಿದ ವಾಹನಕ್ಕೆ ಒದಗಿದರೆ ಮಾತು ಬೇರೆ. ಸ್ಟೆಪ್ನಿ ಸಿದ್ಧವಿದ್ದೂ ಪ್ರಯೋಜನಕ್ಕೆ ಬಾರದು. ಸರಕು ಹೊತ್ತಿಗೆ ತಲುಪದಿರುವ ನಷ್ಟ ಒಂದೆಡೆಯಾದರೆ, ತಾಳ್ಮೆಗೆಟ್ಟು ಚಕ್ರವನ್ನು ಜಗ್ಗುವ ಚಾಲಕನ ಜೀವಕ್ಕೇ ಅಪಾಯವಿರುವುದು ಇನ್ನೊಂದೆಡೆ. ವಾಹನದೊಂದಿಗೆ ಬರುವ ಜಾಕ್ ನೇರವಾಗಿ ಭಾರ ಹೊರಲು ತಯಾರಾದದ್ದೇ ಹೊರತು ಪಕ್ಕದ ಎಳೆತವನ್ನು ತಾಳಲು ಅಲ್ಲ.

ಚಕ್ರ ಕಚ್ಚಿಕೊಳ್ಳುವುದು ನಟ್ಟಿನ ಬಿಗಿತದಿಂದಲ್ಲ. ಹಬ್‌ನ ನಡುವೆ ಉಬ್ಬಿದ ಒಂದು ಉಂಗುರವಿರುತ್ತದೆ. ಚಕ್ರದ ನಡುವಿನ ರಂಧ್ರ ಅದರ ಮೇಲೆ ಬಹಳ ಒತ್ತಾಗಿ ಕೂರುತ್ತದೆ. ಎರಡರ ನಡುವಣ ಸಂದು ಒಂದು ಮಿಲಿಮೀಟರಿನ ಸಣ್ಣ ಅಂಶ ಮಾತ್ರ. ಆ ಸಂದಿಗೆ ನೀರು ತಾನಾಗಿ ಹೀರಿಕೊಂಡು ಹೋಗುತ್ತದೆ, ಆದರೆ ಬೇಗ ಒಣಗುವುದಿಲ್ಲ. ಕಬ್ಬಿಣವು ತುಕ್ಕಾಗಿ ಮಾರ್ಪಟ್ಟಾಗ ಮೂಲ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗವನ್ನು ಬೇಡುತ್ತದೆ. ಜಾಗವಿಲ್ಲದ ಕಡೆ ಹಿಗ್ಗಿದ ತುಕ್ಕು ಬೆಣೆಯಂತೆ ಕೆಲಸ ಮಾಡಿ ಎರಡು ಭಾಗಗಳನ್ನೂ ಬಂಧಿಸುತ್ತದೆ.

ಅಲಾಯ್ ಚಕ್ರಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಅಲ್ಯುಮಿನಿಯಂ ಮತ್ತು ಉಕ್ಕು ತಾಗಿಕೊಂಡಿದ್ದು ನಡುವೆ ಉಪ್ಪುನೀರು ಸೇರಿದರೆ ಅದು ಒಂದು ಪುಟ್ಟ ಬ್ಯಾಟರಿಯೇ ಸರಿ. ಇದರಲ್ಲಿ ಅಲ್ಯುಮಿನಿಯಂ ಸವೆದು ಬಿಳಿಯ ಪುಡಿಯಾಗುತ್ತದೆ. ಚಕ್ರ ಕಳಚಿದಾಗ ಕಂದು ಪದರ ಕಂಡರೆ ಉಕ್ಕಿನ ತುಕ್ಕೆಂದೂ, ಬಿಳಿ ಪುಡಿ ಕಂಡರೆ ಅಲ್ಯುಮಿನಿಯಂ ತಿನ್ನಲ್ಪಟ್ಟಿದೆಯೆಂದೂ ತಿಳಿಯಬಹುದು.

ಇದಕ್ಕೆ ಬೇಕಾದ ಸಾಮಗ್ರಿಯೆಲ್ಲ ಮಂಗಳೂರಿನಲ್ಲಿ ಧಾರಾಳವಾಗಿದೆ. ವರ್ಷಕ್ಕೆ ಸುಮಾರು 3,500 ಮಿ.ಮೀ.ಗೂ ಮೇಲ್ಪಟ್ಟ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಉಳಿದ ತಿಂಗಳುಗಳಲ್ಲಿ ಉಪ್ಪಿನ ಕಣಗಳನ್ನು ಹೊತ್ತ ಕಡಲಗಾಳಿ. ಉಪ್ಪು ಗಾಳಿಯಲ್ಲಿನ ತೇವವನ್ನು ತಾನೇ ಸೆಳೆದುಕೊಳ್ಳುವುದರಿಂದ ಮಳೆಯಿಲ್ಲದ ದಿನಗಳಲ್ಲಿಯೂ ಲೋಹ ಒದ್ದೆಯಾಗಿಯೇ ಇರುತ್ತದೆ. ಬಂದರು, ಪಣಂಬೂರು, ಉಳ್ಳಾಲದ ಕಡೆ ಸಮುದ್ರಕ್ಕೆ ಹತ್ತಿರವಾಗಿ ನಿಲ್ಲುವ ವಾಹನಗಳು ಇದರ ಫಲವನ್ನು ಮೊದಲು ಉಣ್ಣುತ್ತವೆ. ಮೀನಿನ ವ್ಯಾಪಾರದವರ ವಾಹನಗಳ ಪಾಡಂತೂ ಹೇಳುವಂತಿಲ್ಲ: ದಕ್ಕೆಯಿಂದ ಹೊರಟ ಮೀನಿನ ಪೆಟ್ಟಿಗೆಗಳಿಂದ ಸೋರುವ ಮಂಜುಗಡ್ಡೆಯ ಉಪ್ಪುನೀರು ಹಿಂದಿನ ಚಕ್ರಗಳ ಮೇಲೆಯೇ ಇಳಿಯುತ್ತದೆ.

ಇನ್ನೊಂದು ಕಾರಣವೂ ಇದೆ. ಅದರತ್ತ ಗಮನ ಹರಿಸುವವರು ಕಡಿಮೆ. ಟ್ಯೂಬ್ ಇದ್ದ ಟಯರುಗಳ ಕಾಲದಲ್ಲಿ ಪ್ರತಿ ಪಂಕ್ಚರಿಗೂ ಚಕ್ರವನ್ನು ಕಳಚಲೇಬೇಕಿತ್ತು. ಈಗ ಟ್ಯೂಬ್‌ಲೆಸ್ ಟಯರಿಗೆ ಚಕ್ರ ಬಿಚ್ಚದೆಯೇ ಬತ್ತಿ ತುರುಕಿ ಐದು ನಿಮಿಷದಲ್ಲಿ ಕಳುಹಿಸುತ್ತಾರೆ. ಅನುಕೂಲವೇನೋ ಹೌದು. ಆದರೆ ಇದರಿಂದ ಎಷ್ಟೋ ವಾಹನಗಳ ಚಕ್ರಗಳು ಎರಡು ಮೂರು ಮಳೆಗಾಲ ಕಳೆದರೂ ಹಬ್ ಬಿಟ್ಟು ಹೊರಬರುವುದೇ ಇಲ್ಲ.

ಕಚ್ಚಿದ ಚಕ್ರವನ್ನು ತೆಗೆಯುವಾಗ ಬಲಕ್ಕಿಂತ ಕ್ರಮ ಮುಖ್ಯ. ವಾಹನ ಸಮತಟ್ಟಾದ ಗಟ್ಟಿ ನೆಲದಲ್ಲಿರಬೇಕು. ಕೈಬ್ರೇಕ್ ಎಳೆದು, ಗೇರಿನಲ್ಲಿರಿಸಿ, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಅಥವಾ ಮರದ ತುಂಡನ್ನು ಅಡ್ಡ ಕೊಡಬೇಕು. ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಸಡಿಲಿಸಬೇಕು. ಚಕ್ರ ಕಚ್ಚಿದೆಯೆಂದು ತಿಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸವೆಂದರೆ ಬಿಚ್ಚಿದ ನಟ್ಟುಗಳನ್ನು ಮತ್ತೆ ನಾಲ್ಕೈದು ಸುತ್ತು ಹಾಕುವುದು. ಇದು ವಿಚಿತ್ರವಾಗಿ ತೋರಬಹುದು. ಆದರೆ ಚಕ್ರ ಯಾವ ಕ್ಷಣದಲ್ಲಿ ಬಿಡುತ್ತದೆಂದು ಹೇಳಲಾಗದು. ನಟ್ಟುಗಳಿದ್ದರೆ ಬಿಟ್ಟ ಚಕ್ರ ಅಲ್ಲಿಯೇ ನಿಲ್ಲುತ್ತದೆ, ಇಲ್ಲದಿದ್ದರೆ ಎಳೆಯುವವನ ಮೇಲೆ ಬೀಳುತ್ತದೆ. ಸ್ಟಡ್ಡುಗಳ ಬದಲು ಬೋಲ್ಟುಗಳಿರುವ ಫೋಕ್ಸ್‌ವ್ಯಾಗನ್, ಸ್ಕೋಡಾ ಮೊದಲಾದ ಕಾರುಗಳಿಗೂ ಇದೇ ನಿಯಮ.

ಅನಂತರ ಜಾಕನ್ನು ನಿಧಾನವಾಗಿ ಇಳಿಸಿ ವಾಹನದ ಭಾರವನ್ನು ಚಕ್ರದ ಮೇಲೆ ಬಿಡಬೇಕು. ಅನೇಕ ಸಲ ಈ ಭಾರಕ್ಕೇ ತುಕ್ಕಿನ ಹಿಡಿತ ಬಿರಿದು ‘ಟಪ್’ ಎಂಬ ಸದ್ದು ಕೇಳಿಸುತ್ತದೆ. ಬಿಡದಿದ್ದರೆ ನಡುವಿನ ಮುಚ್ಚಳ ತೆಗೆದು, ಚಕ್ರ ಮತ್ತು ಹಬ್ ಕೂಡುವ ಗೆರೆಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಹಿತಮಿತವಾಗಿ ಬಿಟ್ಟು ಹತ್ತಿಪ್ಪತ್ತು ನಿಮಿಷ ಕಾಯಬೇಕು. ಎಣ್ಣೆ ಬ್ರೇಕಿನ ಡಿಸ್ಕ್ ಅಥವಾ ಲೈನಿಂಗಿಗೆ ತಗಲಬಾರದು. ತಗಲಿದರೆ ಚಕ್ರ ಬಿಟ್ಟರೂ ಬ್ರೇಕ್ ಹಿಡಿಯದು. ಬಳಿಕ ವಾಹನವನ್ನೆತ್ತಿ ಟಯರಿನ ಪಕ್ಕಕ್ಕೆ ಅಂಗಾಲಿನಿಂದ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಹದವಾಗಿ ಹೊಡೆಯಬೇಕು. ಒಂದೇ ಕಡೆ ನೂರು ಪೆಟ್ಟಿಗಿಂತ ಎದುರುಬದುರು ಹತ್ತು ಪೆಟ್ಟು ಮೇಲು. ಗ್ಯಾರೇಜಿನಲ್ಲಾದರೆ ವಾಹನವನ್ನು ಗಟ್ಟಿ ಸ್ಟ್ಯಾಂಡಿನ ಮೇಲಿರಿಸಿ, ಒಳಬದಿಯಿಂದ ಟಯರಿಗೆ ಮರದ ತುಂಡು ಕೊಟ್ಟು ಬಡಿಯಬಹುದು. ರಸ್ತೆಬದಿಯಲ್ಲಿ ಇದು ಸಲ್ಲದು; ಜಾಕ್ ಮಾತ್ರ ಆಧಾರವಾಗಿರುವ ವಾಹನದಡಿಗೆ ಕೈಯನ್ನೂ ಚಾಚಬಾರದು. ಸ್ಟೆಪ್ನಿಯನ್ನು ವಾಹನದ ಅಂಚಿನಡಿಗೆ ಮಲಗಿಸಿಟ್ಟರೆ ಜಾಕ್ ಜಾರಿದರೂ ವಾಹನ ಅದರ ಮೇಲೆ ಕೂರುತ್ತದೆ.

(ಸ್ಟೆಪ್ನಿ ಎಂಬ ಮಾತು ನಮ್ಮ ಭಾಷೆಗಳಲ್ಲಿ ಬೇರೂರಿದ್ದರೂ ಅದು ವೇಲ್ಸ್‌ನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯ ಹೆಸರು. 1904ರ ಸುಮಾರಿಗೆ ಅಲ್ಲಿ ಬದಲಿ ಚಕ್ರ ತಯಾರಿಸಿ ಮಾರಿದವರಿಂದ ಹೆಸರು ಲೋಕಕ್ಕೆ ಹರಡಿತು.)

ಕೆಲವು ಚಾಲಕರು ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ವಾಹನವನ್ನು ಒಂದೆರಡು ಮೀಟರ್ ಹಿಂದೆ ಮುಂದೆ ಚಲಿಸಿ ಥಟ್ಟನೆ ಬ್ರೇಕ್ ಹಾಕುತ್ತಾರೆ. ಉಪಾಯ ಫಲಕಾರಿಯೇ, ಆದರೆ ಖಾಲಿ ವಾಹನದಲ್ಲಿ, ಸಮತಟ್ಟಾದ ಅಂಗಳದಲ್ಲಿ, ನಡಿಗೆಗಿಂತ ಕಡಿಮೆ ವೇಗದಲ್ಲಿ ಮಾತ್ರ. ಘಾಟಿಯಲ್ಲಾಗಲಿ ಸರಕು ತುಂಬಿರುವಾಗಲಿ ಇದನ್ನು ಯೋಚಿಸಲೂಬಾರದು.

ಗ್ಯಾಸಿನ ಬೆಂಕಿಯಿಂದ ಹಬ್ ಕಾಯಿಸುವ ಅಭ್ಯಾಸವನ್ನಂತೂ ಕೂಡಲೇ ಕೈಬಿಡಬೇಕು. ಟಯರು ಕೂಡಿರುವ ಚಕ್ರಕ್ಕೆ ಶಾಖ ಕೊಟ್ಟರೆ ಒಳಗಿನ ರಬ್ಬರು ಬೆಂದು ಉರಿಯುವ ಅನಿಲ ಹೊರಡಬಹುದು, ಒತ್ತಡ ಏರಿ ಟಯರು ಬಾಂಬಿನಂತೆ ಸಿಡಿಯಬಹುದು. ಬೇರಿಂಗಿನ ಗ್ರೀಸು, ಎಬಿಎಸ್ ಸಂವೇದಕ ಹಾಳಾಗುವುದು ಅದರ ಮುಂದೆ ಸಣ್ಣ ನಷ್ಟ. ಅಲಾಯ್ ರಿಮ್ಮಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ಬಿರುಕು ಬಿಡುತ್ತದೆ. ಅದು ಹೊರಗೆ ಕಾಣದಿರುವುದೇ ಹೆಚ್ಚು ಅಪಾಯ.

ಚಕ್ರ ಹೊರಬಂದ ಮೇಲೆ ಹಾಗೆಯೇ ಮರಳಿ ಜೋಡಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಹಬ್‌ನ ಮುಖ ಮತ್ತು ಉಂಗುರವನ್ನು ತಂತಿ ಬ್ರಷ್ಷಿನಿಂದಲೂ ಎಮೆರಿ ಕಾಗದದಿಂದಲೂ ಲೋಹ ಕಾಣುವಂತೆ ಉಜ್ಜಬೇಕು. ಅಲಾಯ್ ಚಕ್ರದ ರಂಧ್ರಕ್ಕೆ ಮಾತ್ರ ಹಗುರ ಕೈ ಸಾಕು. ತುಕ್ಕಿನ ಪದರ ಉಳಿದರೆ ಚಕ್ರ ಓರೆಯಾಗಿ ಕೂತು ನಡುಕ ಹುಟ್ಟುತ್ತದೆ, ಪದರ ಪುಡಿಯಾದಂತೆ ನಟ್ಟುಗಳೂ ಸಡಿಲಗೊಳ್ಳುತ್ತವೆ. ಬಳಿಕ ಆ್ಯಂಟಿ-ಸೀಜ್ ಲೇಪವನ್ನು ಉಂಗುರದ ಸುತ್ತ ಮಾತ್ರ ತೆಳುವಾಗಿ ಸವರಬೇಕು. ಸ್ಟಡ್ಡಿನ ಮರೆಗಳಿಗೆ ಅಥವಾ ನಟ್ಟು ಕೂರುವ ಜಾಗಕ್ಕೆ ಲೇಪ ಬೇಡ: ಜಾರುವ ಮರೆಯಲ್ಲಿ ಅದೇ ಬಿಗಿತಕ್ಕೆ ಸ್ಟಡ್ಡು ಹೆಚ್ಚು ಎಳೆಯಲ್ಪಟ್ಟು ತುಂಡಾಗಬಹುದು. ನಟ್ಟುಗಳನ್ನು ಸಾಲಾಗಿ ಅಲ್ಲದೆ ಎದುರುಬದುರಾಗಿ ಬಿಗಿಯಬೇಕು. ಸಣ್ಣ ಕಾರುಗಳಿಗೆ ಈ ಬಿಗಿತ ಸಾಮಾನ್ಯವಾಗಿ 85ರಿಂದ 110 ನ್ಯೂಟನ್-ಮೀಟರ್. ಖಚಿತ ಅಂಕಿ ವಾಹನದ ಕೈಪಿಡಿಯಲ್ಲಿರುತ್ತದೆ. ಗಾಳಿಯ ಗನ್ನಿನಿಂದ ಬಿಗಿದು ಕಳುಹಿಸಿದ ನಟ್ಟನ್ನು ಒಬ್ಬ ಚಾಲಕ ಕೈ ಸ್ಪ್ಯಾನರಿನಿಂದ ಬಿಚ್ಚಲಾಗದಿರುವುದೂ ಉಂಟು.

ನಾಲ್ಕಾರು ವಾಹನಗಳನ್ನು ಇಟ್ಟುಕೊಂಡ ವರ್ತಕರಿಗೆ ಇದರ ಖರ್ಚು ದೊಡ್ಡದಲ್ಲ. ಮೇ ತಿಂಗಳಲ್ಲಿ ಮಳೆಗೆ ಮುನ್ನ ಒಮ್ಮೆ, ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಒಮ್ಮೆ ಚಕ್ರಗಳನ್ನು ಕಳಚಿಸಿ ಶುಚಿಗೊಳಿಸಿದರೆ ಸಾಕು. ಟಯರುಗಳನ್ನು ಸ್ಥಾನ ಬದಲಿಸುವ ಕೆಲಸವನ್ನೂ ಅದರ ಜೊತೆಗೇ ಮುಗಿಸಬಹುದು. ಮೀನು ಸಾಗಿಸುವ ವಾಹನಗಳಿಗೆ ಎರಡು ತಿಂಗಳಿಗೊಮ್ಮೆ ಇದು ಬೇಕು, ಪ್ರತಿ ಸಂಜೆ ಚಕ್ರದ ಒಳಬದಿಗೆ ಸಿಹಿನೀರಿನ ತೊಳೆತವೂ ಬೇಕು. ಚಕ್ರ ಬಿಚ್ಚಿ ಜೋಡಿಸಿದ ಪ್ರತಿ ಸಲವೂ 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ಟುಗಳ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಘಾಟಿ ಹತ್ತುವ ವಾಹನವಾದರೆ ಈ ಪರೀಕ್ಷೆ ಮುಗಿದ ಮೇಲೆಯೇ ಸರಕು ಹೇರುವುದು ಲೇಸು.