ರಾಯಚೂರಿನ ಏಕೀಕರಣಗಳು

ಸೆಪ್ಟೆಂಬರ್ 17ರಂದು ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ರಾಷ್ಟ್ರಧ್ವಜ ಹಾರುತ್ತದೆ. ಮೈಸೂರು, ಮಂಗಳೂರುಗಳಲ್ಲಿ ಆ ದಿನಕ್ಕೆ ಅಂಥ ವಿಶೇಷವೇನಿಲ್ಲ. 1947ರ ಸ್ವಾತಂತ್ರ್ಯ ಈ ಸೀಮೆಗೆ ಹದಿಮೂರು ತಿಂಗಳು ತಡವಾಗಿ ಬಂತು. 1948ರಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮ ಮಣಿದ ಮೇಲೆಯೇ ಇದು ಭಾರತದೊಳಗೆ ಸೇರಿದ್ದು. ಕನ್ನಡನಾಡಿನೊಳಗೆ ಸೇರಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಇಂಗ್ಲಿಷಿನಲ್ಲಿ ‘ಇಂಟಿಗ್ರೇಷನ್’ ಎಂದರೆ ಎರಡಕ್ಕೂ ಸಲ್ಲುತ್ತದೆ. ಇಲ್ಲಿನವರಿಗೆ ಮೊದಲನೆಯದು ವಿಮೋಚನೆ, ಎರಡನೆಯದು ಏಕೀಕರಣ.

ಇವೆರಡಕ್ಕೂ ಹಿಂದಿನ ಇನ್ನೊಂದು ಕೂಡುವಿಕೆಯನ್ನು ನಾವು ಮರೆಯಬಾರದು. 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನಡೆಯಿತು. ಆಗ ಊರು ನಿಜಾಮನದು, ಆಡಳಿತಕ್ಕೂ ಓದಿಗೂ ಉರ್ದುವೇ ಮುಖ್ಯ. ಅಧ್ಯಕ್ಷತೆ ವಹಿಸಿದವರು ಮದರಾಸು ಪ್ರಾಂತದ ದಕ್ಷಿಣ ಕನ್ನಡದಿಂದ ಬಂದ ಪಂಜೆ ಮಂಗೇಶರಾಯರು. ಗೆರೆ ಎಳೆಯುವ ಆಯೋಗಗಳು ಹುಟ್ಟುವ ಎಷ್ಟೋ ಮೊದಲೇ ಭಾಷೆ ತನ್ನವರನ್ನು ಹೀಗೆ ಒಂದೆಡೆ ಕೂರಿಸಿತ್ತು. ನನ್ನ ಮಟ್ಟಿಗೆ ರಾಯಚೂರಿನ ಮೊದಲ ಏಕೀಕರಣ ಅದೇ.

1956ರ ಗೆರೆ ಕೂಡಿಸಿದಂತೆ ಅಗಲಿಸಿತು ಕೂಡ. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಆದರೂ ಅತ್ತಲಿನ ಹತ್ತಿ ರಾಯಚೂರಿನ ಮಾರುಕಟ್ಟೆಗೆ ಬರುವುದು ನಿಂತಿಲ್ಲ. ಇಲ್ಲಿನ ಗಂಜ್‌ನಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರರಲ್ಲೂ ವ್ಯವಹಾರ ಕುದುರುತ್ತದೆ.

ನೋವಿರುವುದು ಬೇರೆ ಕಡೆ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ ದೇವದುರ್ಗವೂ ಮಾನ್ವಿಯೂ ಆ ಪಟ್ಟಿಯಲ್ಲಿದ್ದವು. ಒಂದಾಗಿ ಅರ್ಧ ಶತಮಾನವಾಗುತ್ತ ಬಂದಿದ್ದರೂ ಪಾಲು ಸಮನಾಗಿರಲಿಲ್ಲ. ದೀರ್ಘ ಹೋರಾಟದ ನಂತರ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಶಿಕ್ಷಣ, ನೌಕರಿಗಳಲ್ಲಿ ಈ ಭಾಗದವರಿಗೆ ಮೀಸಲಾತಿ ಸಿಕ್ಕಿತು. ಅದು ದಯೆಯಲ್ಲ, ಬಾಕಿ ಸಂದಾಯ. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಬಂತು.

ಹೆಸರು ಚೆಂದವೇ. ಆದರೆ ನಂಜುಂಡಪ್ಪ ವರದಿ ರಾಯಚೂರಿಗೆ ಕೇಳಿದ್ದ ಐಐಟಿ 2016ರಲ್ಲಿ ಧಾರವಾಡದಲ್ಲಿ ಆರಂಭವಾಯಿತು. ರಾಯಚೂರಿಗೆ ಆಮೇಲೆ ಸಿಕ್ಕಿದ್ದು ಐಐಐಟಿ. ದೊಡ್ಡ ಕಾಯಿಲೆ ಬಿದ್ದರೆ ಇಲ್ಲಿನ ಅನೇಕರು ಈಗಲೂ ಹೈದರಾಬಾದಿನ ದಾರಿ ಹಿಡಿಯುತ್ತಾರೆ. ಅದಕ್ಕೇ ಜಿಲ್ಲೆಗೆ ಏಮ್ಸ್ ಬೇಕೆಂದು 2022ರಲ್ಲಿ ಜನ ಧರಣಿ ಕೂತರು. ಅವರ ಬೇಡಿಕೆಯನ್ನು ಒಂದು ಜಿಲ್ಲೆಯ ಹಟವೆಂದು ಬೆಂಗಳೂರು, ದೆಹಲಿಗಳು ತಳ್ಳಿಹಾಕದೆ, 1956ರಲ್ಲಿ ಒಪ್ಪಿಕೊಂಡ ಕರಾರಿನ ಭಾಗವೆಂದೇ ಓದಿಕೊಳ್ಳಬೇಕು.